ಛತ್ರದ ಪಡುಗೋಡೆಯ ಗಾಜು

ಅಂದು ಮಧ್ಯಾಹ್ನದೊಳಗೆ ಮಾಡಿದ ಕೆಲಸಗಳು ಇವು: ಬಾವಿಯಿಂದ ಹದಿನಾರು ಕೊಡ ನೀರು ಸೇದಿದ್ದು. ಹಲಸಿನ ಹಪ್ಪಳವನ್ನು ಎರಡನೆಯ ಬಿಸಿಲಿಗೆ ಹಾಕಿದ್ದು. ಸೌತೆಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ಅಡುಗೆಮನೆಯ ಜಂತಿಗೆ ಸಾಲಾಗಿ ತೂಗುಹಾಕಿದ್ದು. ಹಲಸಿನ ಬೀಜಕ್ಕೆ ಕೆಮ್ಮಣ್ಣು ಬಳಿದು ಮೂಲೆಗೆ ಸುರಿದದ್ದು. ಒಣಗಿದ ಸೌದೆಯನ್ನು ಅಟ್ಟಕ್ಕೆ ಏರಿಸಿದ್ದು. ಅತ್ತೆಯ ಕಾಲಿಗೆ ಎಣ್ಣೆ ತಿಕ್ಕಿದ್ದು. ಪಡುಗೋಡೆಗೆ ಮಡಲಿನ ತಟ್ಟಿ ಕಟ್ಟಲೆಂದು ಸಡಿಲಾಗಿದ್ದ ಗೂಟಕ್ಕೆ ಕೊಡಲಿಯ ಹಿಂಬದಿಯಿಂದ ಎರಡು ಏಟು ಹಾಕಿದ್ದು.

ಎರಡನೆಯ ಏಟಿಗೆ ಗಾಜು ಒಡೆಯಿತು.

ಮಗ ಶಾಲೆಯಲ್ಲಿ ಬರೆದು ಬಿಟ್ಟ ಪುಸ್ತಕಗಳ ಖಾಲಿ ಹಾಳೆಗಳಲ್ಲಿ ದಿನದ ಕೆಲಸ ಬರೆದಿಡುವುದು ನನ್ನ ಅಭ್ಯಾಸ. ಅಂದಿನ ಹಾಳೆ ಈಗಲೂ ಇದೆ. ಗೂಟದ ಕೆಲಸದ ನಂತರ ಅದರಲ್ಲಿ ಏನನ್ನೂ ಬರೆದಿಲ್ಲ.

ಆಗ ನಾವು ಇದ್ದದ್ದು ಕುಂದಾಪುರದಲ್ಲಿ, ಹೊಳೆಯ ಬದಿಯ ಹಳೆಯ ಛತ್ರದ ಹಿಂಭಾಗದ ಎರಡು ಕೋಣೆಗಳಲ್ಲಿ. ಯುದ್ಧ ಇನ್ನೂ ಮುಗಿದಿರಲಿಲ್ಲ. ಸೀಮೆಎಣ್ಣೆಗೂ ಅಕ್ಕಿಗೂ ಸಾಲು ನಿಲ್ಲುವ ಕಾಲ. ಛತ್ರವನ್ನು ಅತ್ತೆಯ ಮಾವನ ಅಜ್ಜ ಕಟ್ಟಿಸಿದ್ದಂತೆ. ಮುರಕಲ್ಲಿನ ದಪ್ಪ ಗೋಡೆ, ಬೆಲ್ಲದ ನೀರು ಹಾಕಿ ಅರೆದ ಚಿಪ್ಪಿನ ಸುಣ್ಣದ ಗಾರೆ, ಇಬ್ಬರು ತಬ್ಬಿದರೂ ಕೈಗೆ ಕೈ ಸಿಗದಂಥ ಹಲಸಿನ ಕಂಬಗಳು. ಶಿರೂರಿನಿಂದ ದೋಣಿಯಲ್ಲಿ ಬಂದವರು, ಹಟ್ಟಿಯಂಗಡಿಯ ಕಡೆಯಿಂದ ಗಾಡಿಯಲ್ಲಿ ಬಂದವರು ಅದರ ಜಗಲಿಯಲ್ಲಿ ಮಲಗಿ ಹೋಗುತ್ತಿದ್ದರು. ಎಷ್ಟೋ ವರ್ಷಗಳ ಹಿಂದೆಯೇ ಅದು ಊರ ಬೋರ್ಡಿನ ಕೈಸೇರಿತ್ತು. ನಮ್ಮ ಮನೆಯವರು ಅಲ್ಲಿಯ ಪಾರುಪತ್ಯಗಾರರು: ಗುಡಿಸಿ, ದೀಪ ಹಚ್ಚಿ, ಬಂದವರಿಗೆ ನೀರು ಕೊಟ್ಟು ನೋಡಿಕೊಳ್ಳುವವರು. ಅದಕ್ಕಾಗಿಯೇ ಆ ಎರಡು ಕೋಣೆ.

ಆ ವರ್ಷ ಬೋರ್ಡಿನವರು ನಮ್ಮ ಬೀದಿಯ ಹಳೆಯ ಕಟ್ಟಡಗಳನ್ನು ಎರಡು ಪಟ್ಟಿ ಮಾಡಿದರು. ಒಂದು ಕಾಪಾಡುವ ಪಟ್ಟಿ, ಇನ್ನೊಂದು ಕೆಡಹುವ ಪಟ್ಟಿ. ಬಸ್ಸುಗಳು ತಿರುಗಲು ಜಾಗ ಬೇಕಿತ್ತು. ಪಕ್ಕದ ಅಕ್ಕಿ ಉಗ್ರಾಣ ಎರಡನೆಯ ಪಟ್ಟಿಗೆ ಹೋಗಿ, ಒಂಬತ್ತು ದಿನದಲ್ಲಿ ಕಲ್ಲಿನ ರಾಶಿಯಾಯಿತು. ಛತ್ರ ಎರಡೂ ಪಟ್ಟಿಯಲ್ಲಿರಲಿಲ್ಲ. ಅದರ ಪಡುಗೋಡೆಯಲ್ಲಿ ಮಾಡಿನ ಹಂಚಿನಿಂದ ಸೊಂಟದ ಎತ್ತರದವರೆಗೆ ಒಂದು ಬಿರುಕು ಇಳಿದಿತ್ತು.

ಬಿರುಕು ನೋಡಲು ಓವರ್ಸಿಯರರು ಬಂದರು. ದಕ್ಷಿಣದಿಂದ ವರ್ಗವಾಗಿ ಬಂದವರು, ಪುಸ್ತಕದಲ್ಲಿ ಓದಿದ ಹಾಗೆ ಕನ್ನಡ ಆಡುವವರು. ಗೇಣುದ್ದದ ಒಂದು ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡವಾಗಿಟ್ಟು, ಅದರ ಎರಡು ತುದಿಗಳನ್ನೂ ಸುಣ್ಣದಲ್ಲಿ ಕೂರಿಸಿದರು. "ಹದಿನೈದು ದಿನ ನೋಡೋಣ. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ತುಂಡಾಗುತ್ತದೆ. ತುಂಡಾದರೆ ಕಟ್ಟಡ ಅಪಾಯದ್ದು, ಇಳಿಸಲೇಬೇಕು. ಉಳಿದರೆ ಕಾಪಾಡುವ ಪಟ್ಟಿಗೆ ಬರೆಯುತ್ತೇನೆ" ಎಂದರು. ಹೋಗುವ ಮುನ್ನ ಇವರಿಂದ, ಅಂದರೆ ನಮ್ಮ ಮನೆಯವರಿಂದ, ಒಂದು ಕಾಗದಕ್ಕೆ ರುಜು ಹಾಕಿಸಿಕೊಂಡರು: ಗಾಜನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳುವುದು ಪಾರುಪತ್ಯಗಾರನ ಜವಾಬ್ದಾರಿ.

ಛತ್ರ ಹೋದರೆ ನಮ್ಮ ಎರಡು ಕೋಣೆಯೂ ಹೋಗುತ್ತಿತ್ತು. ಸಾಲಿಗ್ರಾಮದಲ್ಲಿರುವ ನನ್ನ ತಮ್ಮನ ಮನೆಯ ಕೈಸಾಲೆ ಬಿಟ್ಟರೆ ನಮಗೆ ಬೇರೆ ನೆಲೆಯಿರಲಿಲ್ಲ. ಅತ್ತೆ ಆ ಬಾಗಿಲಿನೊಳಗೆ ಮದುವಣಗಿತ್ತಿಯಾಗಿ ಬಂದಾಗ ಅವರಿಗೆ ಹನ್ನೊಂದು ವರ್ಷ. "ನಾನ್ ಇಲ್ಲಿಂದ ಹೊರಗ್ ಹೋಪುದ್ ಒಂದೇ ಸಲ, ಅದೂ ನಾಕ್ ಜನ ಹೊತ್ಕಂಡ್ ಹೋರೆ" ಎಂದು ಓವರ್ಸಿಯರರ ಬೆನ್ನಿಗೆ ಕೇಳುವಂತೆಯೇ ಹೇಳಿದರು.

ಮರುದಿನದಿಂದ ಇಡೀ ಬೀದಿ ಆ ಗಾಜಿಗೆ ಹೆದರಿ ನಡೆಯಿತು. ಭತ್ತ ಕುಟ್ಟಿದರೆ ನೆಲ ಅದುರುತ್ತದೆಂದು ನಾನೇ ಮನೆಮನೆಗೆ ಹೋಗಿ ಒನಕೆ ನಿಲ್ಲಿಸಲು ಕೇಳಿಕೊಂಡೆ. ಎದುರುಮನೆಯಾಕೆ ದಿನವೂ ಬಾವಿಕಟ್ಟೆಯಲ್ಲಿ ಚುಚ್ಚುವಳು: "ನಿಮ್ಮ ಗಾಜಿನ ದೆಸಿಂದ ನಮ್ಮನಿ ಒನ್ಕಿ ಮೂಲಿ ಹಿಡ್ದಿತ್ತ್ ಮಾರಾಯ್ತಿ. ಭತ್ತ ಹಾಂಗೇ ತಿಂಬುಕೆ ನಾವೆಂತ ಗುಬ್ಬಿಗಳಾ?" ಹಾಗೆ ಹೇಳಿದರೂ ಅವಳು ಭತ್ತ ಹೊತ್ತುಕೊಂಡು ಆಚೆ ಬೀದಿಗೆ ಹೋಗಿ ಕುಟ್ಟಿಸಿ ತರುತ್ತಿದ್ದಳು.

ನಾನು ನನ್ನದೇ ಒಂದು ಲೆಕ್ಕ ಇಟ್ಟುಕೊಂಡೆ. ಪ್ರತಿದಿನ ಬೆಳಿಗ್ಗೆ ಮುಖ ತೊಳೆದ ಮೇಲೆ ಗುಡಿಸುವ ಹಿಡಿಸೂಡಿಯ ಒಂದು ಕಡ್ಡಿ ಮುರಿದು, ಗಾಜಿನ ಕೆಳಗೆ ಬಿರುಕಿನ ಒಂದೇ ಜಾಗದಲ್ಲಿ ತೂರಿಸುವುದು. ಎಷ್ಟು ಆಳ ಹೋಯಿತೋ ಅಲ್ಲಿಗೆ ಉಗುರಿನಿಂದ ಗುರುತು ಮಾಡಿ, ಕಡ್ಡಿಯನ್ನು ದಿಂಬಿನ ಕೆಳಗೆ ಇಡುವುದು. ಬಿರುಕು ಅಗಲವಾದರೆ ಕಡ್ಡಿ ಹೆಚ್ಚು ಆಳಕ್ಕೆ ಇಳಿಯಬೇಕಲ್ಲ. ಹನ್ನೆರಡು ದಿನದ ಹನ್ನೆರಡು ಕಡ್ಡಿಯ ಗುರುತೂ ಒಂದೇ ಮಟ್ಟಕ್ಕೆ ಬರುತ್ತಿತ್ತು. ಆದರೆ ಯಾರಿಗೂ ತೋರಿಸಿರಲಿಲ್ಲ.

ಹದಿಮೂರನೆಯ ದಿನ ರೋಹಿಣಿಯ ಕೊನೆ. ಪಡುವಣದಲ್ಲಿ ಮೋಡ ಕಪ್ಪಾಗಿ ನಿಂತಿತ್ತು. ನಮ್ಮ ಕಡೆಯ ಮಳೆ ನೆಟ್ಟಗೆ ಬೀಳುವುದಿಲ್ಲ, ಕಡಲಿನಿಂದ ಓರೆಯಾಗಿ ಬಂದು ಗೋಡೆಗೆ ಬಡಿಯುತ್ತದೆ. ಅದಕ್ಕೇ ಮೃಗಶಿರೆ ಹಿಡಿಯುವ ಮುನ್ನ ತೆಂಗಿನ ಮಡಲು ಹೆಣೆದ ತಟ್ಟಿಗಳನ್ನು ಪಡುಗೋಡೆಗೆ ಕಟ್ಟಬೇಕು. ಅದಕ್ಕೆಂದೇ ಗೋಡೆಯಲ್ಲಿ ಹಳೆಯ ಮರದ ಗೂಟಗಳಿದ್ದವು. ಪ್ರತಿ ವರ್ಷ ಕಟ್ಟುವ ಆಳಿಗೆ ಜ್ವರ. ಇವರು ಪಡಿತರದ ಸಾಲಿಗೆ ಹೋಗಿದ್ದರು.

ಅತ್ತೆ ಬೆಳಗಿನಿಂದ ಗೊಣಗುತ್ತಿದ್ದರು: "ಹೆಣ್ಣೆ, ಮಳಿ ನಿಮ್ಮ ಓವರ್ಸಿಯರ್‌ನ ಕೇಂಡ್ಕಂಡ್ ಬತ್ತಿಲ್ಲೆ. ಒಂದ್ ಸಲ ನೀರ್ ಕುಡ್ದ್ರೆ ಆ ಗ್ವಾಡಿ ಉಳಿತ್ತಿಲ್ಲೆ. ತಟ್ಟಿ ಕಟ್ಟುಕೆ ಎಂತ ಮುಹೂರ್ತ ಬೇಕಾ?"

ಬೀದಿಯ ಒನಕೆಗಳನ್ನೆಲ್ಲ ನಿಲ್ಲಿಸಿದ ನಾನೇ ಕೊಡಲಿ ಎತ್ತಿಕೊಂಡೆ. ಈಗ ಯೋಚಿಸಿದರೆ ನಗು ಬರಬೇಕು, ಬರುವುದಿಲ್ಲ. ಗೂಟ ಹೊಡೆಯುವುದೆಂದರೆ ಗೋಡೆಗೆ ಹೊಡೆಯುವುದೆಂದು ನನಗೂ ಹೊಳೆಯಲಿಲ್ಲ, ಅತ್ತೆಗೂ ಹೊಳೆಯಲಿಲ್ಲ. ತಟ್ಟಿ ಕಟ್ಟುವುದು ಅಂದರೆ ನಮಗೆ ಗೋಡೆಗೆ ಕೊಡೆ ಹಿಡಿದಂತೆ. ಒಳ್ಳೆಯದನ್ನೇ ಮಾಡುತ್ತಿದ್ದೇನೆಂಬ ಧೈರ್ಯದಲ್ಲಿ, ಗಾಜಿನಿಂದ ಒಂದು ಗೇಣು ಕೆಳಗಿದ್ದ ಗೂಟಕ್ಕೆ ಹೊಡೆದೆ. ಚಿಟ್ಟೆಂದಿತು. ಚೂರುಗಳು ನನ್ನ ಕಾಲ ಬಳಿಯೇ ಬಿದ್ದವು.

ಮೊದಲು ಮಾಡಿದ್ದು, ಚೂರುಗಳನ್ನು ಒಂದೂ ಬಿಡದೆ ಆರಿಸಿ ಬಾಳೆಲೆಯಲ್ಲಿ ಕಟ್ಟಿಟ್ಟದ್ದು. ಆಮೇಲೆ ಒಂದು ಕಡ್ಡಿ ಮುರಿದು ಬಿರುಕಿಗೆ ತೂರಿಸಿದೆ. ಅವಸರದಲ್ಲಿ ತುಸು ಜೋರಾಗಿಯೇ ಒತ್ತಿದ್ದೆ, ಗುರುತು ಬೆಳಗಿನದಕ್ಕಿಂತ ಒಂದು ಎಳ್ಳಿನಷ್ಟು ಆಚೆ ಬಿತ್ತು. ಒತ್ತಿದ್ದಕ್ಕೋ, ಗೋಡೆ ಸರಿದದ್ದಕ್ಕೋ ತಿಳಿಯಲಿಲ್ಲ.

ಇವರು ಬಂದರು. ಅಕ್ಕಿಯ ಚೀಲ ಇಳಿಸುವ ಮೊದಲೇ ಅತ್ತೆ ಎಲ್ಲವನ್ನೂ ಹೇಳಿಬಿಟ್ಟರು. ಇವರು ಗೋಡೆಯ ಮುಂದೆ ಹೋಗಿ ನಿಂತರು, ಬಂದರು, ಜಗಲಿಯಲ್ಲಿ ಕುಳಿತರು. ತಗ್ಗಿದ ದನಿಯಲ್ಲಿ ಕೇಳಿದರು: "ಮೊನ್ನೆ ದೇವ್ರ ಪಟದ್ ಗಾಜ್ ಒಡ್ದಿತ್ತಲೆ, ಅದ್ ಬಿಸಾಡಿದ್ಯಾ?"

"ಇಲ್ಲೆ. ಅಟ್ಟದ್ ಮೇಲ್ ಇತ್ತ್."

"ಅದ್ರಗೆ ಗೇಣುದ್ದದ ಒಂದ್ ತುಂಡ್ ಸಿಕ್ಕುಗು. ಸುಣ್ಣ ಕಲ್ಸ್."

ಸುಣ್ಣದ ಮಡಕೆಯನ್ನು ನಾನು ಮುಟ್ಟಲಿಲ್ಲ. "ಹ್ವಾಯ್, ಅದ್ ಒಡ್ದದ್ ಗೂಟದ್ ಪೆಟ್ಟಿಗಾ, ಗ್ವಾಡಿ ಸರ್ದದ್ದಕ್ಕಾ? ನಿಮ್ಗ್ ಗೊತ್ತಿತ್ತಾ?"

"ನಂಗ್ ಹ್ಯಾಂಗ್ ಗೊತ್ತಾತ್ತ್?"

"ನಂಗೂ ಗೊತ್ತಿಲ್ಲೆ. ಶಿರೂರಿನವ್ರ್ ಮನ್ಕಂಬುದ್ ಅದೇ ಗ್ವಾಡಿ ಬುಡ್ದಗೆ. ನಾಳೆ ಅವ್ರ್ ಮೇಲ್ ಬಿದ್ರೆ?"

ಅತ್ತೆ ಒಳಗಿನಿಂದಲೇ ಕೂಗಿದರು: "ಅರ್ವತ್ತ್ ವರ್ಷ ಬೀಳ್ದಿದ್ ಗ್ವಾಡಿ, ಇವಳ್ ಹೇಳ್ತ್ಳ್ ಅಂದ್ ನಾಳೆ ಬೀಳತ್ತಾ? ಸುಣ್ಣ ಹಚ್ಚಿ ಮಗಾ, ಯಾರ್ ಕಾಂತ್ರ್?"

ಸುಣ್ಣವನ್ನು ಇವರೇ ಕಲಸಿದರು. ಗಾಜನ್ನೂ ಇಳಿಸಿ ಒರೆಸಿಟ್ಟರು. ರುಜು ಹಾಕಿದ ಕೈಯಲ್ಲಿ ಆ ಕೆಲಸ ಮಾಡುವಾಗ ಇವರ ಕಿವಿ ಕೆಂಪಾಗಿದ್ದುದನ್ನು ನೋಡಿದೆ. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಇವರು ಯಾರಿಗೂ ಸುಳ್ಳು ಹೇಳಿದವರಲ್ಲ. ಸ್ನಾನ ಮುಗಿಸಿ ಬಂದು ಕೂರಿಸುತ್ತೇನೆಂದು ಹೊಳೆಗೆ ಹೋದರು.

ಸುಣ್ಣದ ಮಡಕೆ, ನಾನು, ಮುಂದೆ ಗೋಡೆ. ಇವರು ಬರುವುದರೊಳಗೆ ಏನಾದರೂ ಮಾಡಬೇಕು. ವಾದ ಮಾಡಿ ಗೆಲ್ಲುವ ಜಾಣ್ಮೆ ನನಗಿಲ್ಲ, ಅತ್ತೆಯೆದುರು ಅಂತೂ ಇಲ್ಲವೇ ಇಲ್ಲ. ಮಡಕೆಯನ್ನು ಎತ್ತಿಕೊಂಡು ಹೋಗಿ, ತೆಂಗಿನ ನಾರಿನ ಕುಂಚ ಮಾಡಿ, ಸುಣ್ಣವನ್ನೆಲ್ಲ ತುಳಸಿಕಟ್ಟೆಗೆ ಬಳಿದೆ. ನಾಲ್ಕು ಮಗ್ಗುಲಿಗೂ ಎರಡೆರಡು ಸಲ. ಬೋರ್ಡಿನವರು ಕೊಟ್ಟ ಸುಣ್ಣ ಮನೆಯಲ್ಲಿ ಇದ್ದದ್ದು ಅಷ್ಟೇ, ಗಾಜು ಕೂರಿಸಲು ಚಿಟಿಕೆಯೂ ಉಳಿಯಲಿಲ್ಲ.

ಇವರು ಒದ್ದೆ ಪಂಚೆಯಲ್ಲಿ ಬಂದು ಬೆಳ್ಳಗೆ ನಿಂತಿದ್ದ ಕಟ್ಟೆಯನ್ನು ನೋಡಿದರು. ನನ್ನನ್ನು ನೋಡಿದರು. "ತುಳ್ಸಿಗೆ ಪ್ರದಕ್ಷಿಣಿ ಹಾಕುದೊಂದ್ ಬಾಕಿ ಈಗ" ಎಂದಷ್ಟೇ ಹೇಳಿ ಒಳಗೆ ಹೋದರು. ಅತ್ತೆ ಅಂದಿನಿಂದ ನನ್ನ ಕೈಯಿಂದ ನೀರು ಕೂಡ ತೆಗೆದುಕೊಳ್ಳಲಿಲ್ಲ. ಬೇಕಾದದ್ದನ್ನು ಇವರ ಕೈಯಿಂದಲೇ ಕೇಳಿ ಪಡೆದರು.

ಆ ಸಂಜೆ ಬಂದ ದೋಣಿಯವರನ್ನು ಮೂಡುಜಗಲಿಗೆ ಕಳಿಸಿದೆ. ಯಾಕೆಂದು ಕೇಳಿದರು. ಇರುವೆ ಎದ್ದಿದೆ ಅಂದೆ. ಅದೊಂದು ಸುಳ್ಳನ್ನು ನಾನೂ ಹೇಳಿದೆ.

ಹದಿನೈದನೆಯ ದಿನ ಬೆಳಿಗ್ಗೆ ಓವರ್ಸಿಯರರು ಬೈಂದೂರಿನ ಕಡೆಗೆ ಹೋಗುವ ದಾರಿಯಲ್ಲಿ ಇಳಿದರು. ಗೋಡೆಯಲ್ಲಿ ಎರಡು ಸುಣ್ಣದ ಗುಪ್ಪೆ ಮಾತ್ರ. "ಗಾಜೆಲ್ಲಿ?" ಎಂದರು.

ನಾನು ಬಾಗಿಲ ಸಂದಿಯ ಹಿಂದಿದ್ದೆ. ಪರಸ್ಥಳದ ಗಂಡಸರೊಡನೆ ನೇರ ಮಾತಾಡುವ ರೂಢಿ ನಮ್ಮಲ್ಲಿರಲಿಲ್ಲ. ಏನಿದ್ದರೂ ಮನೆಯವರ ಮೂಲಕವೇ. "ಒಡ್ದದ್ ನಾನ್ ಅಂದ್ ಹೇಳಿ ಅವ್ರಿಗ್" ಅಂದೆ.

"ಒಡೆದದ್ದು ಅವಳಂತೆ" ಎಂದರು ಇವರು, ಮೂರು ಮಾರು ದೂರದಲ್ಲಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ಓವರ್ಸಿಯರರಿಗೆ.

"ಹೇಗೆ ಎಂದು ಕೇಳಿ."

"ಹೇಗೆ ಅಂದ್ ಕೇಂತ್ರ್."

"ತಟ್ಟಿ ಗೂಟಕ್ಕೆ ಕೊಡ್ಲಿ ಹಿಂದಿಂದ ಹೊಡ್ದೆ ಅಂದ್ ಹೇಳಿ. ಚೂರ್ ಎಲ್ಲ ಇತ್ತ್. ಕಡ್ಡಿಯೂ ಇತ್ತ್."

"ಕಡ್ಡಿಯೇ?" ಎಂದು ಓವರ್ಸಿಯರರು ನೇರವಾಗಿ ಬಾಗಿಲನ್ನೇ ಕೇಳಿದರು. ನಾನು ಬಾಳೆಲೆಯ ಗಂಟನ್ನೂ ಕಡ್ಡಿಗಳ ಕಟ್ಟನ್ನೂ ಹೊಸಿಲ ಮೇಲಿಟ್ಟು ಹಿಂದೆ ಸರಿದೆ.

ಅವರು ಜಗಲಿಯಲ್ಲಿ ಕುಳಿತು ಚೂರುಗಳನ್ನು ಒಂದಕ್ಕೊಂದು ಜೋಡಿಸಿದರು. ಅದಕ್ಕೆ ಹಿಡಿದ ಹೊತ್ತಿನಲ್ಲಿ ನಾನು ಒಂದು ಬೆಲ್ಲದಚ್ಚು ಪುಡಿಮಾಡಿ ಪಾನಕ ಮಾಡಿದೆ, ಸೋಸಿದೆ, ಲೋಟ ತೊಳೆದೆ, ಮತ್ತೆ ತೊಳೆದೆ. ಇವರು ಪಾನಕ ತೆಗೆದುಕೊಂಡು ಹೋದಾಗಲೂ ಅವರು ಚೂರನ್ನೇ ತಿರುಗಿಸುತ್ತಿದ್ದರು. ಆಮೇಲೆ ಕಡ್ಡಿಗಳನ್ನು ಅಂಗೈಯಲ್ಲಿ ಸಾಲಾಗಿ ಇಟ್ಟು ನೋಡಿದರು.

"ಸರ್ಕಾರದಲ್ಲಿ ಕಡ್ಡಿಗೆ ಬೆಲೆಯಿಲ್ಲ. ಗಾಜಿಗೆ ಮಾತ್ರ" ಎಂದರು. ಅಷ್ಟು ಹೇಳಿದರೂ ಒಂದು ಕಡ್ಡಿ ತೆಗೆದುಕೊಂಡು ಹೋಗಿ ಬಿರುಕಿಗೆ ತೂರಿಸಿದರು, ಗುರುತು ನೋಡಿದರು, ಇನ್ನೊಂದನ್ನು ತೂರಿಸಿದರು. "ಗೋಡೆ ಸರಿದಿದ್ದರೆ ಗಾಜು ಬಿರುಕಿನ ಗೆರೆಯಲ್ಲೇ ತುಂಡಾಗಬೇಕು. ಇದು ಕೆಳಗಿನ ಮೂಲೆಯಿಂದ ಸೀಳಿದೆ. ಪೆಟ್ಟಿಗೇ ಒಡೆದಿರಬೇಕು. ಆದರೆ ಇರಬೇಕು ಎಂದು ನಾನು ಬರೆಯಲಾಗುವುದಿಲ್ಲ."

ಹೊಸದಾಗಿ ಎರಡು ಗಾಜು ಕೂರಿಸಿದರು, ಒಂದು ಮೇಲೆ, ಒಂದು ಕೆಳಗೆ. ಮತ್ತೆ ಹದಿನೈದು ದಿನ. ತಟ್ಟಿಯನ್ನು ಗೋಡೆಗೆ ಕಟ್ಟಕೂಡದು. ಒಂದು ಮೊಳ ದೂರದಲ್ಲಿ ನೆಲಕ್ಕೆ ಕಂಬ ನೆಟ್ಟು ಅದಕ್ಕೆ ಕಟ್ಟಬೇಕು. ಯಾರೂ ಪಡುಜಗಲಿಯಲ್ಲಿ ಮಲಗಕೂಡದು. ಗೂಟಗಳನ್ನು ತೆಗೆಯಲೂ ಕೂಡದು, ಹೊಡೆಯಲೂ ಕೂಡದು. ಹೊರಡುವಾಗ ಬಾಗಿಲಿನ ಕಡೆ ತಿರುಗಿ, "ಕಡ್ಡಿ ಇಡುವುದನ್ನು ನಿಲ್ಲಿಸಬೇಡಿ" ಎಂದರು.

ಮೊದಲ ಹದಿನೈದು ದಿನ ಬಿಸಿಲಿನದು. ಎರಡನೆಯದು ಮೃಗಶಿರೆಯದು. ಮಳೆ ಬೆಳಿಗ್ಗೆ ಶುರುವಾದರೆ ಸಂಜೆಯವರೆಗೂ ಬಿಡಲಿಲ್ಲ. ಕಂಬಕ್ಕೆ ಕಟ್ಟಿದ ತಟ್ಟಿ ಹಾಯಿಯಂತೆ ಗಾಳಿ ತುಂಬಿಕೊಂಡು ಕಿರುಗುಟ್ಟುತ್ತಿತ್ತು. ಹನ್ನೊಂದನೆಯ ದಿನ ಮಧ್ಯಾಹ್ನ, ಇನ್ನೂ ಊಟದ ಎಲೆ ತೆಗೆದಿರಲಿಲ್ಲ, ನಡುವಿನ ಕಂಬ ಬುಡದಿಂದ ಎದ್ದು ತಟ್ಟಿ ಗೋಡೆಯ ಕಡೆಗೆ ವಾಲಿತು. ಗೋಡೆಗೆ ಬಿದ್ದರೆ ಗಾಜು ಹೋದಂತೆಯೇ.

ಇವರು ಓಡಿ ಹೋಗಿ ಒಂದು ತುದಿ ಹಿಡಿದರು. ನಾನು ಇನ್ನೊಂದು ತುದಿ. ನಡುಭಾಗ ಬಳುಕಿ ಬಳುಕಿ ಗಾಜಿನ ಹತ್ತಿರ ಹೋಗುತ್ತಿತ್ತು. ಕೈ ಬಿಡುವಂತಿಲ್ಲ, ಕೂಗಿದರೆ ಮಳೆಯಲ್ಲಿ ಯಾರಿಗೂ ಕೇಳುವುದಿಲ್ಲ. ಆಗ ಮಳೆಗೆ ಹೊದೆಯುವ ಎಲೆಯ ಗೊರಬೆಯನ್ನು ತಲೆಗೆ ಸಿಕ್ಕಿಸಿಕೊಂಡು ಅತ್ತೆ ಬಂದರು. ಎಪ್ಪತ್ತರ ಹೆಂಗಸು, ಮೊಣಕಾಲು ನೋವಿನವರು. ನಡುವಿನ ಬಿದಿರನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಜಗ್ಗಿ ನಿಂತರು.

"ಅಬ್ಬೆ, ನಿಮ್ಗ್ ಆತ್ತಿಲ್ಲೆ, ಒಳ್ಗ್ ಹೋಯ್ನಿ!" ಎಂದು ಇವರು ಕೂಗಿದರು.

"ಬಾಯ್ ಮುಚ್ಚ್, ಬಿದಿರ್ ಹಿಡಿ" ಎಂದರು ಅತ್ತೆ. ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆ ನೋಡಿ, "ನೀನ್ ಆ ದಿನ ಗೂಟಕ್ಕ್ ಹೊಡುಕಾರೆ ಇಷ್ಟ್ ಶಕ್ತಿ ಇತ್ತಲೆ. ಈಗ್ ಎಂತ ಕೈ ಸೋಲ್ತಾ?"

ಹನ್ನೆರಡು ದಿನದ ಮೇಲೆ ಅವರು ನನಗೆ ಆಡಿದ ಮೊದಲ ಪೂರ್ತಿ ಮಾತು ಅದು.

ಎಷ್ಟು ಹೊತ್ತು ಹಿಡಿದು ನಿಂತೆವೋ ಗೊತ್ತಿಲ್ಲ. ಗಾಳಿ ಒಂದಿಷ್ಟು ಸಡಿಲಾದಾಗ ಎದುರುಮನೆಯವರು ಹಗ್ಗ ತಂದರು, ಕಂಬ ಮತ್ತೆ ನಿಂತಿತು. ಗಾಜುಗಳ ಮೇಲೆ ನೀರು ಹರಿಯುತ್ತಿದ್ದುದರಿಂದ ಉಳಿದಿವೆಯೋ ಇಲ್ಲವೋ ಕಾಣಲಿಲ್ಲ. ಒರೆಸೋಣವೆಂದರೆ ಮುಟ್ಟುವಂತಿಲ್ಲ. ಮಾರನೆಯ ದಿನ ಬೆಳಕು ಹರಿಯುವವರೆಗೆ ಕಾಯಬೇಕಾಯಿತು. ಎರಡೂ ಇಡಿಯಾಗಿದ್ದವು. ಕಡ್ಡಿಯ ಗುರುತೂ ಎಂದಿನ ಮಟ್ಟದಲ್ಲೇ ಇತ್ತು.

ಕೊನೆಯ ದಿನ ಓವರ್ಸಿಯರರು ಕೊಡೆಯ ಕೆಳಗೆ ನಿಂತು ಎರಡು ಗಾಜಿನ ಮೇಲೂ ಬೆರಳಾಡಿಸಿದರು. "ಕಾಪಾಡುವ ಪಟ್ಟಿ" ಎಂದರು. ಇವರು ಅಲ್ಲೇ ಕಂಬಕ್ಕೆ ಒರಗಿದರು. ಆಮೇಲೆ ಓವರ್ಸಿಯರರು ಜಗಲಿಯಲ್ಲಿ ಕುಳಿತು ಪಟ್ಟಿಗೆ ಸೇರಿದ ಕಟ್ಟಡದ ಕಟ್ಟಳೆಗಳನ್ನು ಓದಿ ಹೇಳಿದರು. ಮೊಳೆ ಹೊಡೆಯಕೂಡದು. ಬಿರುಕು ತುಂಬಲು ಸಿಮೆಂಟು ಹಾಕಕೂಡದು, ಹಳೆಯ ಬಗೆಯ ಸುಣ್ಣವೇ ಆಗಬೇಕು. ಮಾಡಿನ ಹಂಚು ತೆಗೆದು ಕೈಯಾಡಿಸುವುದಿದ್ದರೆ ಬೋರ್ಡಿಗೆ ತಿಳಿಸಬೇಕು. ಕಟ್ಟಡದೊಳಗೆ ಎಲ್ಲಿಯೂ ಬೆಂಕಿ ಹಾಕಕೂಡದು.

ಬಾಗಿಲ ಹಿಂದಿನಿಂದ ಅತ್ತೆ ಹೊರಗೇ ಬಂದುಬಿಟ್ಟರು. "ಒಲಿ?"

"ಒಲೆಯೂ ಕೂಡದು ಅಮ್ಮ. ಮರದ ಕಟ್ಟಡ. ಹಿಂದೆ ಅಂಗಳದಲ್ಲಿ ಒಂದು ಚಪ್ಪರ ಹಾಕಿಕೊಳ್ಳಿ, ಬೋರ್ಡಿನಿಂದ ಮಡಲು ಕೊಡಿಸುತ್ತೇನೆ."

"ಹೊಗಿ ಇಲ್ದಿರೆ ಅಟ್ಟದ್ ಮರಕ್ಕೆ ಹುಳ ಹಿಡಿತ್ತ್ ಮಾರಾಯ್ರೆ. ಇಷ್ಟ್ ವರ್ಷ ಆ ಜಂತಿ ಗಟ್ಟಿ ಉಳ್ದದ್ ನಿಮ್ಮ ಪಟ್ಟಿಂದ ಅಲ್ಲ, ನಮ್ಮ ಒಲಿ ಹೊಗಿಂದ!"

ಓವರ್ಸಿಯರರು ಮಾಡನ್ನು ಕತ್ತೆತ್ತಿ ನೋಡಿದರು. ಮಸಿ ಹಿಡಿದು ಕಪ್ಪಾಗಿದ್ದ ಜಂತಿಗಳು ಕಬ್ಬಿಣದಂತೆ ಹೊಳೆಯುತ್ತಿದ್ದವು. "ನೀವು ಹೇಳುವುದು ನಿಜವಿರಬಹುದು. ಬರೆದಿರುವುದು ಹೀಗೆ" ಎಂದರು. ಅತ್ತೆಯ ಮಾತು ಆ ಕಾಗದಕ್ಕೆ ಸೇರಲಿಲ್ಲ. ಇವರು ರುಜು ಹಾಕಿದರು.

ಅಂದೇ ಒಲೆ ಎಬ್ಬಿಸಿದೆವು. ಮೂರು ಗುಂಡುಕಲ್ಲುಗಳನ್ನು ನಾನು ಹೊರಗೆ ಹೊತ್ತೆ. ಇವರು ನಾಲ್ಕು ಅಡಿಕೆ ಕಂಬ ನೆಟ್ಟು ಮಡಲು ಹೊದಿಸಿದರು. ಒಳಗಿನ ಬೂದಿಯನ್ನು ಅತ್ತೆಯೇ ಗುಡಿಸಿ, ಆ ಜಾಗವನ್ನು ಸೆಗಣಿಯಲ್ಲಿ ಸಾರಿಸಿದರು. ಸಾರಿಸುವಾಗ ಏನೋ ಹೇಳಿಕೊಳ್ಳುತ್ತಿದ್ದರು, ನನಗೆ ಕೇಳಲಿಲ್ಲ. ಚಪ್ಪರದಲ್ಲಿ ಸೌದೆಗೆ ಮಳೆಯ ಎರಚಲು ಹೊಡೆದು ಬೆಂಕಿ ಹಿಡಿಯಲು ಬಹಳ ಹೊತ್ತಾಯಿತು. ಶಿರೂರಿನ ದೋಣಿಯವರು ಮತ್ತೆ ಪಡುಜಗಲಿಯಲ್ಲಿ ಗಂಟು ಬಿಚ್ಚುತ್ತಿದ್ದುದು ಅಲ್ಲಿಂದ ಕಾಣುತ್ತಿತ್ತು. ಎದುರುಮನೆಯಲ್ಲಿ ಒನಕೆ ಬೀಳುವ ಸದ್ದು.

ಊಟಕ್ಕೆ ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಮಾವಿನ ಮಿಡಿ. ಕೆಂಡದಲ್ಲಿ ನಾಲ್ಕು ಹಲಸಿನ ಹಪ್ಪಳ ಸುಟ್ಟೆ, ತಂಡಿಗೆ ಮೆತ್ತಗಾಗಿದ್ದವು. ಅತ್ತೆ ಎರಡು ತಿಂದರು, ನನ್ನ ಕೈಯಿಂದ ನೀರು ಇಸಿದುಕೊಂಡರು. ಹೊಗೆಯಿಲ್ಲದ ಮನೆಯಲ್ಲಿ ಸೊಳ್ಳೆ ಕಾಟಕ್ಕೆ ನಿದ್ದೆಯೆಲ್ಲಿ ಬರುತ್ತದೆ ಎಂದು ಗೊಣಗುತ್ತಲೇ ಚಾಪೆ ಬಿಡಿಸಿದರು. ಎಲ್ಲರಿಗಿಂತ ಮೊದಲು ಮಲಗಿ ನಿದ್ದೆ ಹೋದವರು ಅವರೇ.